ಆಡು ಈದ ಮೇಲಿನ ಮೊದಲ ತಾಸು

ನಮ್ಮ ಕಡೆಯ ಆಡು ಹೆಚ್ಚಾಗಿ ಯಾರ ಸಹಾಯವೂ ಇಲ್ಲದೆ ಈಯುತ್ತದೆ. ಮರಿ ಕೈತಪ್ಪುವುದು ಆಮೇಲೆ: ಚಳಿ ಹಿಡಿದು, ಗಿಣ್ಣ ಸಿಗದೆ, ಇಲ್ಲವೆ ಹೊಕ್ಕುಳಕ್ಕೆ ಹೊಲಸು ತಾಗಿ.

ಹೋತ ಹಾರಿದ ತಾರೀಖು ಬರೆದಿಟ್ಟರೆ ಈಯುವ ದಿನ ಅಂದಾಜಿಗೆ ಸಿಗುತ್ತದೆ: 150 ದಿನ, ಐದು ದಿನ ಹಿಂದುಮುಂದು. ಅದಕ್ಕೆ ಮೂರ್ನಾಲ್ಕು ವಾರ ಮೊದಲು ಆಡಿಗೆ ಕರುಳುಬೇನೆ ಲಸಿಕೆ ಹಾಕಿಸುತ್ತೇವೆ. ಹೊಟ್ಟೆಯಲ್ಲಿರುವ ಮರಿಗೆ ಮಾಸಿನ ಮೂಲಕ ರೋಗನಿರೋಧಕ ಶಕ್ತಿ ದಾಟುವುದಿಲ್ಲ, ಎಲ್ಲವೂ ಗಿಣ್ಣದಲ್ಲೇ ಬರಬೇಕು. ತಾಯಿಗೆ ಹಾಕಿಸಿದ ಲಸಿಕೆ ಮರಿಗೂ ಸಿಗುವುದು ಹೀಗೆ.

ಈಯುವ ಜಾಗದ್ದು ಬೇರೆಯೇ ತಲೆನೋವು. ಎರೆ ನೆಲ ಒಮ್ಮೆ ಒದ್ದೆಯಾದರೆ ಬೇಗ ಆರುವುದಿಲ್ಲ. ಶಹಾಬಾದ್ ಪರಸಿ ಕಲ್ಲು ಹಾಸಿದ ಪಡಸಾಲೆ ನೋಡಲು ಸ್ವಚ್ಛ, ಆದರೆ ಚಳಿಗಾಲದ ರಾತ್ರಿ ಕೊರೆಯುತ್ತದೆ, ಹೆರಿಗೆ ನೀರು ಬಿದ್ದರೆ ಜಾರುತ್ತದೆ. ಏಳಲು ಹೋದ ಮರಿಯ ಕಾಲು ಎರಡೂ ಕಡೆ ಸರಿದು ತೊಡೆಯ ನರ ಹಿಡಿದುಕೊಳ್ಳುತ್ತದೆ. ಗರಸು ಮಣ್ಣು ಬಡಿದ ನೆಲದ ಮೇಲೆ ನಾಲ್ಕು ಬೆರಳು ದಪ್ಪ ಒಣಹುಲ್ಲು ಹಾಕುತ್ತೇವೆ. ಜೋಳದ ಕಣಿಕೆ ಒರಟು, ನೀರು ಹೀರುವುದಿಲ್ಲ. ಭತ್ತದ ಹುಲ್ಲು ಸಿಕ್ಕರೆ ಚಲೋ. ಗಾಳಿ ಬರುವ ಕಡೆ ತೊಗರಿ ಕಟ್ಟಿಗೆಯ ತಟ್ಟಿ ನಿಲ್ಲಿಸಿದರೆ ಸಾಕು.

ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಂಡರೆ ಕೈ ಹಾಕುವುದೇ ಬೇಡ. ಎರಡೂ ಹಿಂಗಾಲು ಮೊದಲು ಬಂದರೂ ಹೆರಿಗೆ ಆಗುತ್ತದೆ. ಆದರೆ ಹೊಕ್ಕುಳಬಳ್ಳಿ ಒಳಗೇ ಅದುಮಿ ಮರಿ ಅಲ್ಲೇ ಉಸಿರೆಳೆಯಲು ಹೋಗುತ್ತದೆ, ಅದಕ್ಕೆ ಅರ್ಧ ಬಂದ ಮೇಲೆ ತಡ ಮಾಡಬಾರದು. ತಲೆ ಬಂದು ಕಾಲು ಕಾಣದಿದ್ದರೆ, ಕಾಲು ಬಂದು ತಲೆ ಹಿಂದಕ್ಕೆ ಮಡಚಿದ್ದರೆ, ಅಥವಾ ಜೋರಾಗಿ ತಿಣುಕಿ ಅರ್ಧ ತಾಸಾದರೂ ಏನೂ ಮುಂದುವರಿಯದಿದ್ದರೆ ಎಳೆಯದೆ ಡಾಕ್ಟರನ್ನು ಕರೆಸಬೇಕು. ಪಶು ಸಹಾಯವಾಣಿ 1962ಕ್ಕೂ ಫೋನ್ ಮಾಡಬಹುದು.

ಮರಿ ನೆಲಕ್ಕೆ ಬಿದ್ದ ಕೂಡಲೇ ಮೂಗು, ಬಾಯಿಯ ಲೋಳೆ ಬಟ್ಟೆಯಿಂದ ತೆಗೆಯಬೇಕು. ಉಸಿರು ತಡವಾದರೆ ಮೂಗಿನಲ್ಲಿ ಹುಲ್ಲುಕಡ್ಡಿ ಆಡಿಸಿದಾಗ ಸೀನುತ್ತದೆ, ಸೀನಿದರೆ ದಾರಿ ಬಿಚ್ಚಿಕೊಳ್ಳುತ್ತದೆ. ಹಿಂಗಾಲು ಹಿಡಿದು ಗರಗರ ತಿರುಗಿಸುವವರಿದ್ದಾರೆ. ಲೋಳೆ ಹತ್ತಿದ ಕಾಲು ಕೈಯಿಂದ ಜಾರಿದರೆ ಮುಗಿಯಿತು. ಗೋಣಿತಟ್ಟಿನಿಂದ ಪಕ್ಕೆ ಉಜ್ಜಿದರೆ ಅದೇ ಕೆಲಸ ಆಗುತ್ತದೆ. ಪೂರ್ತಿ ಒರೆಸದೆ ತಾಯಿಯ ಮೂತಿ ಮುಂದಿಡಿ. ಆ ವಾಸನೆ ನೆಕ್ಕಿಯೇ ಅದು ಮರಿಯ ಗುರುತು ಹಿಡಿಯುವುದು. ಬೇರೆ ಒಯ್ದು ತೊಳೆದು ತಂದರೆ ಒದೆಯುತ್ತದೆ.

ಹೊಕ್ಕುಳಬಳ್ಳಿ ತಾನೇ ಹರಿದಿದ್ದರೆ ಹಾಗೇ ಬಿಡುತ್ತೇವೆ. ಉದ್ದ ಇದ್ದರೆ ಮೂರು ಬೆರಳು ಬಿಟ್ಟು ದಾರ ಕಟ್ಟಿ ಕತ್ತರಿಸುವುದು. ಶೇ 7ರ ಟಿಂಚರ್ ಅಯೋಡಿನ್ ಸಣ್ಣ ಬಟ್ಟಲಲ್ಲಿ ಹಾಕಿ ಬಳ್ಳಿ ಬುಡದವರೆಗೂ ಮುಳುಗುವಂತೆ ಹೊಟ್ಟೆಗೆ ಒತ್ತಿ ಹಿಡಿಯಬೇಕು. ಮೇಲಿಂದ ಹನಿಸಿದರೆ ಹಿಂಬದಿ ಒಣಗಿಯೇ ಉಳಿಯುತ್ತದೆ. ಹನ್ನೆರಡು ತಾಸಿಗೆ ಇನ್ನೊಮ್ಮೆ. ಉಳಿದ ಔಷಧ ಚೆಲ್ಲಿ, ಮುಂದಿನ ಮರಿಗೆ ಹೊಸದು ಹಾಕಬೇಕು. ಬೂದಿ, ಸೆಗಣಿ ಹಚ್ಚಿದ್ದರ ಫಲ ಒಂದೆರಡು ವಾರದಲ್ಲಿ ಕಾಣುತ್ತದೆ: ಮೊಣಕಾಲು ಬಾತು, ಬಿಸಿಯಾಗಿ, ಮರಿ ಕುಂಟುತ್ತದೆ. ಅದು ಹೊಕ್ಕುಳಿಂದ ಕೀಲಿಗೆ ಇಳಿದ ನಂಜು.

ಇನ್ನು ಗಿಣ್ಣ. ಕುಡಿಸುವ ಮೊದಲು ಎರಡೂ ಮೊಲೆಯಿಂದ ಎರಡು-ಮೂರು ಸೆಳೆ ಹಿಂಡಿ ಚೆಲ್ಲುತ್ತೇವೆ. ತುದಿಯಲ್ಲಿ ಮೇಣದಂಥ ಬಿರಡೆ ಇರುತ್ತದೆ, ಸಣಕಲು ಮರಿಗೆ ಅದನ್ನು ಎಳೆದು ತೆಗೆಯುವ ಶಕ್ತಿ ಇರುವುದಿಲ್ಲ. ದಿನವಿಡೀ ಚೀಪುತ್ತಿರುತ್ತದೆ, ಹೊಟ್ಟೆ ಮಾತ್ರ ಅಂಟಿಕೊಂಡಿರುತ್ತದೆ. ಎರಡು ಕಿಲೋ ಮರಿಗೆ ಮೊದಲ 24 ತಾಸಿನಲ್ಲಿ ಕಡಿಮೆಯೆಂದರೂ 200 ಮಿಲಿ ಒಳಗೆ ಹೋಗಬೇಕು. ಮೊದಲ ಸಲದ 50 ಮಿಲಿಯಷ್ಟಾದರೂ ಒಂದು ತಾಸಿನೊಳಗೆ ಕುಡಿಸಿ, ಉಳಿದದ್ದನ್ನು ನಾಲ್ಕೈದು ಸಲ ಹಂಚಬೇಕು. ತಾಸು ಕಳೆದಂತೆ ಕರುಳು ಗಿಣ್ಣದ ರೋಗನಿರೋಧಕ ಶಕ್ತಿಯನ್ನು ಹೀರುವುದು ಇಳಿಯುತ್ತದೆ, ಒಂದು ದಿನದ ಮೇಲೆ ನಿಂತೇ ಹೋಗುತ್ತದೆ. ಮನೆಯವರಿಗೆ ಗಿಣ್ಣ ತಿನ್ನುವ ಆಸೆ ಇದ್ದರೆ ಎಮ್ಮೆ ಈಯುವ ತನಕ ಕಾಯಲಿ. ತ್ರಿವಳಿ ಹುಟ್ಟಿದರೆ, ತಾಯಿ ಸತ್ತರೆ ಬೇರೆ ಆಡಿನ ಗಿಣ್ಣ ಬೇಕಾಗುತ್ತದೆ. ಫ್ರೀಜರಿನಲ್ಲಿ ಇಟ್ಟದ್ದನ್ನು ಬಿಸಿನೀರಿನ ಬೋಗುಣಿಯಲ್ಲಿ ಕರಗಿಸಬೇಕು. ಒಲೆ ಮೇಲಿಟ್ಟರೆ ಒಡೆದು ಗಟ್ಟಿಯಾಗುತ್ತದೆ, ಅದರ ಗುಣವೂ ಹೋಗುತ್ತದೆ.

ಕುಡಿಸುವ ಮುನ್ನ ಬೆರಳನ್ನು ಮರಿಯ ಬಾಯಲ್ಲಿಟ್ಟು ನೋಡಿ. ಬೆಚ್ಚಗಿದ್ದು ಚೀಪಿದರೆ ಕುಡಿಸಬಹುದು. ಬಾಯಿ ತಣ್ಣಗಿದ್ದರೆ ಗುದದಲ್ಲಿ ಥರ್ಮಾಮೀಟರ್ ಇಡಿ: 102ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು. 99ಕ್ಕಿಂತ ಕೆಳಗಿದ್ದರೆ ಹಾಲು ಬೇಡ. ತಣ್ಣಗಾದ ಮರಿ ಸರಿಯಾಗಿ ನುಂಗುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆಗೆ ಹೋದದ್ದೂ ಅರಗದೆ ನಿಲ್ಲುತ್ತದೆ. ಕತ್ತಿನವರೆಗೆ ಪ್ಲಾಸ್ಟಿಕ್ ಚೀಲ ಹಾಕಿ, ತಲೆ ಮೇಲಿರುವಂತೆ ಮೈ ಬೆಚ್ಚಗಿನ ನೀರಿನಲ್ಲಿ ಮುಳುಗಿಸಿ ಹಿಡಿಯುತ್ತೇವೆ. ಚೀಲದಿಂದ ಮೈ ಒದ್ದೆಯಾಗುವುದಿಲ್ಲ, ತಾಯಿಗೆ ಬೇಕಾದ ವಾಸನೆಯೂ ಉಳಿಯುತ್ತದೆ. ಮೈ ಬೆಚ್ಚಗಾದ ಮೇಲೂ ಚೀಪದ ಮರಿಗೆ ಡಾಕ್ಟರೇ ಬೇಕು. ಬಾಟಲಿಯಲ್ಲಿ ಕುಡಿಸುವಾಗ ಮರಿ ನಿಂತಿರಬೇಕು. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲನ್ನು ಶ್ವಾಸಕೋಶಕ್ಕೆ ಎಳಕೊಂಡುಬಿಡುತ್ತದೆ.

ಬಾಣಂತಿ ಆಡಿಗೆ ಒಂದೆರಡು ಲೀಟರ್ ಉಗುರುಬೆಚ್ಚನೆ ನೀರಿಗೆ ಮುಷ್ಟಿ ಬೆಲ್ಲ, ಆಮೇಲೆ ಸೊಪ್ಪು, ತೊಗರಿ ಹೊಟ್ಟು. ಬುಟ್ಟಿ ತುಂಬ ಜೋಳ ಸುರಿದರೆ ಹೊಟ್ಟೆ ಹುಳಿಯಾಗಿ ಹಾಲೇ ಬತ್ತುತ್ತದೆ. ಮಾಸು 12 ತಾಸಿನೊಳಗೆ ಬೀಳಬೇಕು. ಜೋತಾಡುತ್ತಿದ್ದರೆ ಎಳೆಯಬಾರದು, ಬಿದ್ದದ್ದನ್ನು ನಾಯಿಗೆ ಸಿಗದಂತೆ ಹೂಳಬೇಕು.

ಮರಿಯ ಮೊದಲ ಸೆಗಣಿ ಕರಿ, ಡಾಂಬರಿನ ಹಾಗೆ ಅಂಟು; ಆಮೇಲೆ ಹಳದಿ. ಈ ಹಳದಿ ಒಣಗಿ ಬಾಲಕ್ಕೆ ಹತ್ತಿ ಗುದ ಮುಚ್ಚಿಬಿಡುತ್ತದೆ. ಹೊಟ್ಟೆ ಉಬ್ಬಿ ಮರಿ ತಿಣುಕುತ್ತಿದ್ದರೆ ಮೊದಲು ಬಾಲ ಎತ್ತಿ ನೋಡಿ. ಕಿತ್ತರೆ ಚರ್ಮ ಸುಲಿಯುತ್ತದೆ, ಬಿಸಿನೀರಿನ ಬಟ್ಟೆಯಿಂದ ನೆನೆಸಿ ಬಿಡಿಸಿ, ಚೂರು ಎಣ್ಣೆ ಹಚ್ಚಿದರೆ ಆಯಿತು.