ರಜೆ ಹಾಕಿ ಮಣ್ಣು ಕೆರೆಯಲು ಹೋದೆ: ಸಿಲ್ಚೆಸ್ಟರ್ ಫೀಲ್ಡ್ ಸ್ಕೂಲಿನ ನನ್ನ ಅನುಭವ

ಪುರಾತತ್ವದಲ್ಲಿ ನನಗೆ ಡಿಗ್ರಿ ಇಲ್ಲ. ಓದಿದ್ದು ಕಂಪ್ಯೂಟರ್ ಸೈನ್ಸ್. ಕೆಲಸ ಇಂಗ್ಲೆಂಡಿನ ರೆಡಿಂಗ್ ಊರಿನ ಒಂದು ಆಫೀಸಿನಲ್ಲಿ. ಆದರೂ 2013ರ ಬೇಸಿಗೆಯಲ್ಲಿ ರಜೆ ಹಾಕಿ, ಕೈಯಿಂದ ದುಡ್ಡು ಕಟ್ಟಿ, ಎರಡು ಸಾವಿರ ವರ್ಷ ಹಳೆಯ ಗುಂಡಿಯೊಂದನ್ನು ಅಗೆಯಲು ಹೋದೆ. ಇದು ಹೇಗೆ ಸಾಧ್ಯ ಎಂದು ಆಗಾಗ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ವಿಶ್ವವಿದ್ಯಾಲಯದವರು ರಜೆಯಲ್ಲಿ ತಮ್ಮ ವಿದ್ಯಾರ್ಥಿಗಳಿಗೆ ಅಗೆತ ಕಲಿಸಲು ನಡೆಸುವ ಶಿಬಿರಕ್ಕೆ ಫೀಲ್ಡ್ ಸ್ಕೂಲ್ ಅನ್ನುತ್ತಾರೆ. ಕಲಿಕೆಗೆಂದು ಮಾಡಿದ ಸುಳ್ಳು ಗುಂಡಿ ಅಲ್ಲಿರುವುದಿಲ್ಲ. ನಿಜವಾದ ಸಂಶೋಧನೆ ನಡೆದಿರುತ್ತದೆ, ಅದರೊಳಗೇ ಪಾಠವೂ ನಡೆಯುತ್ತದೆ. ಹೊರಗಿನವರು ವಾರದ ಲೆಕ್ಕದಲ್ಲಿ ಹಣ ಕಟ್ಟಿ ಸೇರಬಹುದು. ನಾನು ಸೇರಿದ್ದು ರೆಡಿಂಗ್ ವಿಶ್ವವಿದ್ಯಾಲಯ ಸಿಲ್ಚೆಸ್ಟರ್‌ನಲ್ಲಿ ನಡೆಸುತ್ತಿದ್ದ ಶಿಬಿರಕ್ಕೆ. ಮೈಕಲ್ ಫುಲ್ಫರ್ಡ್ ಮತ್ತು ಅಮಾಂಡಾ ಕ್ಲಾರ್ಕ್ ಅದರ ಮುಖ್ಯಸ್ಥರು. 1997ರಿಂದ 2014ರವರೆಗೆ ಪ್ರತಿ ಬೇಸಿಗೆಯೂ ಅಲ್ಲಿ ಅಗೆದರು. ಅಗೆದದ್ದು ಒಂದೇ ಜಾಗ, 55 ಮೀಟರ್ ಉದ್ದ, 55 ಮೀಟರ್ ಅಗಲ. ಹದಿನೆಂಟು ಬೇಸಿಗೆ ಒಂದೇ ಗುಂಡಿಯಲ್ಲಿ! ಆಫೀಸಿನಲ್ಲಿ ಮೂರು ತಿಂಗಳಿಗೆ ಪ್ರಾಜೆಕ್ಟ್ ಮುಗಿಸು ಅನ್ನುವವರ ಜೊತೆ ಇದ್ದ ನನಗೆ ಇದೇ ದೊಡ್ಡ ಆಶ್ಚರ್ಯ.

ಸಿಲ್ಚೆಸ್ಟರ್ ರೋಮನ್ನರ ಕಾಲದಲ್ಲಿ ಕಲೀವ ಎಂಬ ಪಟ್ಟಣ. ಆಮೇಲೆ ಜನ ಬಿಟ್ಟು ಹೋದರು. ಲಂಡನ್ನಿನ ಹಾಗೆ ಅದರ ಮೇಲೆ ಹೊಸ ಊರು ಬೆಳೆಯಲಿಲ್ಲ. ಈಗ ಹೋದರೆ ಕಾಣುವುದು ಸುತ್ತ ಫ್ಲಿಂಟ್ ಕಲ್ಲಿನ ಗೋಡೆ, ಮೂಲೆಯಲ್ಲಿ ಒಂದು ಹಳೆಯ ಚರ್ಚು, ಉಳಿದದ್ದೆಲ್ಲ ಹುಲ್ಲುಗಾವಲು. 1890ರಿಂದ 1909ರವರೆಗೆ ಹಿಂದಿನ ತಲೆಮಾರಿನವರು ಗೋಡೆ ಒಳಗಿನ ಪಟ್ಟಣವನ್ನು ಅಗೆದು ನಕ್ಷೆ ಮಾಡಿದ್ದರು. ಆದರೆ ಅವರು ಹುಡುಕಿದ್ದು ಕಲ್ಲಿನ ಗೋಡೆ. ಮರದ ಕಂಬ ನೆಟ್ಟು ಕಟ್ಟಿದ ಮನೆಗಳು ಅವರ ಕಣ್ಣಿಗೆ ಬೀಳಲಿಲ್ಲ. ಕಂಬ ಕೊಳೆತ ಮೇಲೆ ಉಳಿಯುವುದು ಬಣ್ಣ ಸ್ವಲ್ಪ ಬೇರೆಯಾದ ಮಣ್ಣಿನ ಒಂದು ವೃತ್ತ, ಅಷ್ಟೇ ಅಲ್ವಾ?

ಆ ವೃತ್ತವನ್ನು ಗುರುತಿಸುವುದೇ ಫೀಲ್ಡ್ ಸ್ಕೂಲಿನ ನಿಜವಾದ ಪಾಠ. ಮೊದಲು ಕೈಗೆ ಕರಣೆ ಕೊಡುತ್ತಾರೆ, ನಮ್ಮ ಗಾರೆಯವರು ಹಿಡಿಯುವಂಥದ್ದೇ, ನಾಲ್ಕು ಇಂಚಿನದು. ಮೊಣಕಾಲಿನ ಕೆಳಗೆ ರಬ್ಬರ್ ಹಾಸು ಹಾಕಿಕೊಂಡು, ಕರಣೆಯ ಅಂಚಿನಿಂದ ಮಣ್ಣನ್ನು ತನ್ನ ಕಡೆಗೆ ಕೆರೆಯುತ್ತಾ ಹಿಂದೆ ಹಿಂದೆ ಸರಿಯಬೇಕು. ಮುಂದೆ ಹೋದರೆ ಕೆರೆದ ಜಾಗವನ್ನು ನಾವೇ ತುಳಿಯುತ್ತೇವೆ. ತುದಿಯಿಂದ ಚುಚ್ಚಬಾರದು. ಮಣ್ಣು ಒದ್ದೆಯಿದ್ದರೆ ಬ್ರಷ್ ಹಾಕಬಾರದು, ಬಣ್ಣಗಳೆಲ್ಲ ಒಂದರ ಮೇಲೊಂದು ಬಳಿದುಕೊಳ್ಳುತ್ತವೆ. ಬಿಸಿಲು ಜಾಸ್ತಿಯಾಗಿ ನೆಲ ಒಣಗಿದರೆ ಎಲ್ಲವೂ ಒಂದೇ ಬೂದು ಬಣ್ಣ. ಆಗ ನೀರು ಚಿಮುಕಿಸಿ ನೋಡಬೇಕು. ಮಳೆ ಬಂದು ನಿಂತ ಮೇಲೆ ಇನ್ನೂ ಒಳ್ಳೆಯದು. ಇಂಗ್ಲೆಂಡಿನಲ್ಲಿ ಅದಕ್ಕೇನೂ ಕೊರತೆ ಇಲ್ಲ.

ಕಣ್ಣಿಗಿಂತ ಮೊದಲು ಕಿವಿ ಕಲಿಯುತ್ತದೆ ಎನ್ನುವುದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಕಲ್ಲುಗರಸಿನ ಮೇಲೆ ಕರಣೆ ಕರಕರ ಅನ್ನುತ್ತದೆ. ಹಳೆಯ ಗುಂಡಿಗೆ ತುಂಬಿಕೊಂಡ ಮೆತ್ತನೆ ಮಣ್ಣಿಗೆ ಬಂದ ಕೂಡಲೇ ಆ ಸದ್ದು ನಿಲ್ಲುತ್ತದೆ. ಗುಂಡಿಯ ಅಂಚು ಅಲ್ಲೇ ಇದೆ ಅಂತ ಲೆಕ್ಕ. ಆಮೇಲೆ ಇಡೀ ಗುಂಡಿಯನ್ನು ತೆಗೆಯುವುದಿಲ್ಲ. ಮಧ್ಯಕ್ಕೆ ದಾರ ಕಟ್ಟಿ ಅರ್ಧ ಮಾತ್ರ ತೆಗೆಯುತ್ತಾರೆ. ಉಳಿದರ್ಧದ ನೆಟ್ಟಗಿನ ಮುಖದಲ್ಲಿ ಪದರಗಳು ಕಾಣುತ್ತವೆ. ಅದೇ ಸೆಕ್ಷನ್. ಅದನ್ನು ಅಳತೆ ಪ್ರಕಾರ ಪ್ಲಾಸ್ಟಿಕ್ ಹಾಳೆಯ ಮೇಲೆ ಗಟ್ಟಿ ಪೆನ್ಸಿಲಿನಿಂದ ಬರೆಯಬೇಕು. ಸೆಕ್ಷನ್ನಿಗೆ ಹತ್ತಕ್ಕೆ ಒಂದು, ಮೇಲಿನಿಂದ ನೋಡಿದ ನಕ್ಷೆಗೆ ಇಪ್ಪತ್ತಕ್ಕೆ ಒಂದು. ಮಳೆಯಲ್ಲಿ ಕಾಗದ ಹರಿಯುತ್ತದೆ, ಪ್ಲಾಸ್ಟಿಕ್ ಹರಿಯುವುದಿಲ್ಲ.

ಇನ್ನು ಫಾರಂ ತುಂಬುವ ಕೆಲಸ. ಇದರ ಬಗ್ಗೆ ಯಾರೂ ಮೊದಲೇ ಹೇಳಿರಲಿಲ್ಲ. ಪ್ರತಿ ಪದರಕ್ಕೆ ಒಂದು ನಂಬರು, ಪ್ರತಿ ನಂಬರಿಗೆ ಒಂದು ಹಾಳೆ. ಗುಂಡಿ ತೋಡಿದ್ದು ಒಂದು ಘಟನೆ, ಅದಕ್ಕೊಂದು ನಂಬರು. ಅದರೊಳಗೆ ಮಣ್ಣು ತುಂಬಿದ್ದು ಇನ್ನೊಂದು ಘಟನೆ, ಅದಕ್ಕೆ ಬೇರೆ ನಂಬರು. ಅಂದರೆ ಖಾಲಿ ಗುಂಡಿಗೂ ಒಂದು ಹಾಳೆ! ಹಾಳೆಯಲ್ಲಿ ಮಣ್ಣಿನ ಬಣ್ಣ, ಗಟ್ಟಿಯೋ ಸಡಿಲವೋ, ಒಳಗೆ ಇದ್ದಿಲು ಎಷ್ಟು, ಕಲ್ಲು ಎಷ್ಟು ಎಂದು ಬರೆಯಬೇಕು. ಮಣ್ಣಿನ ಜಾತಿ ತಿಳಿಯಲು ಚಿಟಿಕೆ ಮಣ್ಣಿಗೆ ನೀರು ಹಾಕಿ ಬೆರಳಲ್ಲಿ ಹೊಸೆಯುತ್ತಾರೆ. ದಾರದ ಹಾಗೆ ಎಳೆ ಬಂದರೆ ಜೇಡಿ ಜಾಸ್ತಿ, ಉದುರಿದರೆ ಮರಳು ಜಾಸ್ತಿ. ನಮ್ಮಜ್ಜ ಚಿತ್ರದುರ್ಗದ ಕಡೆ ಹೊಲದಲ್ಲಿ ನಿಂತು ಇದು ಎರೆ, ಇದು ಮಸಾರಿ ಎಂದು ಕೈಯಲ್ಲಿ ಹಿಸುಕಿ ಹೇಳುತ್ತಿದ್ದರು. ಅವರಿಗೆ ಹಾಳೆ ಬೇಕಿರಲಿಲ್ಲ. ನಮಗೆ ಬೇಕು. ಯಾಕೆಂದರೆ ಕೆರೆದು ಬಕೆಟ್ಟಿಗೆ ಹಾಕಿದ ಪದರ ಮತ್ತೆ ನೋಡಲು ಸಿಗುವುದಿಲ್ಲ. ಐವತ್ತು ವರ್ಷದ ನಂತರ ಯಾರಾದರೂ ಪ್ರಶ್ನೆ ಕೇಳಿದರೆ ಉತ್ತರ ಹೇಳಬೇಕಾದದ್ದು ಆ ಹಾಳೆಯೇ.

ಈ ನಂಬರುಗಳನ್ನೆಲ್ಲ ಮೊದಲು ಆದದ್ದು ಕೆಳಗೆ, ಆಮೇಲೆ ಆದದ್ದು ಮೇಲೆ ಎಂದು ಗೆರೆ ಎಳೆದು ಜೋಡಿಸುತ್ತಾರೆ. ಎಡ್ವರ್ಡ್ ಹ್ಯಾರಿಸ್ ಎಂಬುವರು 1973ರಲ್ಲಿ ರೂಪಿಸಿದ ವಿಧಾನ, ಹೆಸರು ಹ್ಯಾರಿಸ್ ಮ್ಯಾಟ್ರಿಕ್ಸ್. ನೋಡಿದ ಕೂಡಲೇ ನಗು ಬಂತು. ಯಾವ ಕೆಲಸಕ್ಕೆ ಮೊದಲು ಯಾವುದು ಮುಗಿದಿರಬೇಕು ಎಂದು ಗೆರೆ ಎಳೆದು ದಿನಾ ಆಫೀಸಿನಲ್ಲಿ ಬರೆಯುವ ಡಿಪೆಂಡೆನ್ಸಿ ಗ್ರಾಫ್ ಇದೇ. ಒಂದು ಸುತ್ತು ಹೊಡೆದು ಮತ್ತೆ ಅಲ್ಲಿಗೇ ಬಂದರೆ ಎಲ್ಲೋ ತಪ್ಪಿದೆ ಅಂತ ಅರ್ಥ, ಅಲ್ಲೂ ಇಲ್ಲೂ. ಈ ಒಂದು ಕೆಲಸದಲ್ಲಿ ಮಾತ್ರ ಹತ್ತೊಂಬತ್ತು ವರ್ಷದ ಹುಡುಗರು ನನ್ನ ಹತ್ತಿರ ಬಂದು ಕೇಳುತ್ತಿದ್ದರು. ಉಳಿದದ್ದರಲ್ಲೆಲ್ಲ ಅವರೇ ನನಗೆ ಗುರುಗಳು.

ಒಂದು ಸಂಜೆ ಅಮ್ಮ ಫೋನ್ ಮಾಡಿದ್ದರು.

"ಬಂಗಾರ ಏನಾದ್ರೂ ಸಿಕ್ತೇನೋ?"

"ಇಲ್ಲಮ್ಮ. ಹೆಂಚಿನ ಚೂರು, ದನದ ಮೂಳೆ."

"ಅದಕ್ಕೆ ರಜಾನೂ ಹಾಕಿ, ದುಡ್ಡೂ ಕಟ್ಟಿದೀಯಾ?"

ಉತ್ತರ ಕೊಡಲು ಕಷ್ಟವೇ. ಹೆಂಚಿನ ಚೂರು, ಮೂಳೆ, ಮಡಕೆ ಚೂರು, ಸಿಂಪಿ ಚಿಪ್ಪು, ಇವು ಬಿಟ್ಟು ಹೆಚ್ಚೇನೂ ನನ್ನ ಕೈಗೆ ಬರಲಿಲ್ಲ. ಅವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು ತಟ್ಟೆಯಲ್ಲಿ ಒಣಗಲು ಹಾಕುವುದು, ನಂಬರು ಚೀಟಿ ಕಳೆಯದಂತೆ ನೋಡಿಕೊಳ್ಳುವುದು, ಇದೂ ಪಾಠವೇ. ಆದರೆ ನನಗೆ ಹೆಚ್ಚು ಹಿಡಿಸಿದ್ದು ಫ್ಲೋಟೇಶನ್ ತೊಟ್ಟಿ. ಬಕೆಟ್ ಮಣ್ಣನ್ನು ನೀರಿನ ತೊಟ್ಟಿಯಲ್ಲಿಟ್ಟ ಜಾಲರಿಗೆ ಸುರಿದು ಕದಡುತ್ತಾರೆ. ಮಣ್ಣು ತಳಕ್ಕಿಳಿಯುತ್ತದೆ. ಸುಟ್ಟು ಕರಿಕಾದ ಕಾಳು, ಬೀಜ, ಇದ್ದಿಲು ಹಗುರ, ಅವು ತೇಲಿ ಸಣ್ಣ ಜರಡಿಗೆ ಬಂದು ಬೀಳುತ್ತವೆ. ಬಾವಿಯ ತಳದಂಥ ಸದಾ ಒದ್ದೆಯಿರುವ ಜಾಗದಲ್ಲಾದರೆ ಸುಡದ ಬೀಜವೂ ಕೊಳೆಯದೆ ಉಳಿದಿರುತ್ತದೆ. ಸಿಲ್ಚೆಸ್ಟರ್‌ನ ಒಂದು ಹಳೆಯ ಬಾವಿಯಲ್ಲಿ ಆಲಿವ್ ಬೀಜ ಸಿಕ್ಕಿತ್ತು. ಕೊತ್ತಂಬರಿ, ಸೆಲರಿ ಬೀಜಗಳೂ ಸಿಕ್ಕಿದ್ದವು. ಇವೆಲ್ಲ ಕ್ರಿ.ಶ. 43ರಲ್ಲಿ ರೋಮನ್ ಸೇನೆ ಬ್ರಿಟನ್ನಿಗೆ ಬರುವುದಕ್ಕೆ ಮೊದಲಿನವು. ಅಂದರೆ ಸೈನಿಕರಿಗಿಂತ ಮುಂಚೆ ಅಡುಗೆ ಸಾಮಾನು ಬಂದಿತ್ತು. ಬಳ್ಳಾರಿ ಹತ್ತಿರದ ಸಂಗನಕಲ್ಲಿನ ಮಣ್ಣನ್ನೂ ಹೀಗೇ ನೀರಲ್ಲಿ ಕದಡಿದ್ದಾರೆ. ಅಲ್ಲಿ ತೇಲಿ ಬಂದದ್ದು ಹುರುಳಿ, ಹೆಸರು, ಕೊರಲೆ. ನಾಲ್ಕು ಸಾವಿರ ವರ್ಷದ ಹಿಂದೆಯೂ ನಮ್ಮ ಕಡೆ ಹುರುಳಿ ತಿನ್ನುತ್ತಿದ್ದರು ಎಂದು ಗೊತ್ತಾದದ್ದು ಇಂಥ ತೊಟ್ಟಿಯಿಂದಲೇ. ಅಮ್ಮನಿಗೆ ಬಂಗಾರಕ್ಕಿಂತ ಈ ಸುದ್ದಿ ಹಿಡಿಸಿತು.

ಟೆಂಟ್ ವಾಸ, ಹುಲ್ಲಿನ ಇಬ್ಬನಿ, ಸ್ನಾನಕ್ಕೆ ಸಾಲು, ಇವೆಲ್ಲ ಊಹಿಸಬಹುದು. ಚಟ್ನಿಪುಡಿ ಡಬ್ಬಿ ಒಯ್ದಿದ್ದೆ, ಬೇಗ ಖಾಲಿಯಾಯಿತು, ನಾನೊಬ್ಬನೇ ತಿಂದದ್ದಲ್ಲ.

ಈ ಶಿಬಿರದಿಂದ ನನಗಾದ ದೊಡ್ಡ ಲಾಭ ನಮ್ಮೂರಿಗೆ ಸಂಬಂಧಿಸಿದ್ದು. ಮಾರ್ಟಿಮರ್ ವೀಲರ್ ಭಾರತೀಯ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1944ರಲ್ಲಿ, ತಕ್ಷಶಿಲೆಯಲ್ಲಿ ತರಬೇತಿ ಶಾಲೆ ನಡೆಸಿದರು. ನಮ್ಮ ದೇಶದ ಮಟ್ಟಿಗೆ ಫೀಲ್ಡ್ ಸ್ಕೂಲಿನ ಮೂಲಪುರುಷ ಅವರೇ ಎನ್ನಬಹುದು. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಯಲ್ಲಿ ಅಗೆದರು. ಆ ವರದಿ ನನ್ನ ಹತ್ತಿರ ಮೊದಲೇ ಇತ್ತು. ಪದರಗಳ ಚಿತ್ರ ಬಂದಾಗ ಸುಮ್ನೆ ಪುಟ ತಿರುಗಿಸುತ್ತಿದ್ದೆ. ಸಿಲ್ಚೆಸ್ಟರ್ ಆದ ಮೇಲೆ ಆ ಚಿತ್ರಗಳನ್ನು ಓದಲು ಬಂತು. ಯಾವ ಗುಂಡಿ ಯಾವ ಪದರವನ್ನು ಕಡಿದಿದೆ, ಯಾವುದು ಮೊದಲು, ಯಾವುದು ಆಮೇಲೆ ಎಂದು ಬೆರಳಿಟ್ಟು ಹೇಳಬಲ್ಲೆ. ವೀಲರ್ ಚೌಕ ಚೌಕವಾಗಿ ಅಗೆದು ನಡುವೆ ಮಣ್ಣಿನ ಗೋಡೆ ಬಿಡುತ್ತಿದ್ದರು. ಭಾರತದಲ್ಲಿ ಇವತ್ತಿಗೂ ಅದೇ ರೂಢಿ. ಸಿಲ್ಚೆಸ್ಟರ್‌ನಲ್ಲಿ ನಡುಗೋಡೆ ಇಲ್ಲ, ಇಡೀ ಬಯಲನ್ನು ಒಟ್ಟಿಗೆ ಇಳಿಸುತ್ತಾ ಹೋಗುತ್ತಾರೆ. ಮನೆಯ ಪೂರ್ತಿ ನಕ್ಷೆ ಬೇಕಾದರೆ ಬಯಲು ವಿಧಾನ ಒಳ್ಳೆಯದು. ಕಲಿಯುವವರಿಗೆ ವೀಲರ್ ಗೋಡೆ ಒಳ್ಳೆಯದು ಎಂದು ನನ್ನ ಅಭಿಪ್ರಾಯ, ಯಾಕೆಂದರೆ ಪದರ ದಿನವಿಡೀ ಕಣ್ಣೆದುರಿಗೇ ಇರುತ್ತದೆ.

ವೀಲರ್ ಬ್ರಹ್ಮಗಿರಿಯ ಕಾಲನಿರ್ಣಯ ಮಾಡಿದ್ದು ರೋಮನ್ ಸರಕಿನ ಸಹಾಯದಿಂದ. ಪುದುಚೇರಿ ಪಕ್ಕದ ಅರಿಕಮೇಡುವಿನಲ್ಲಿ, ಕಾಲ ಮೊದಲೇ ಗೊತ್ತಿದ್ದ ಇಟಲಿಯ ಕೆಂಪು ಮಡಕೆ ಚೂರುಗಳ ಜೊತೆ ಸಿಕ್ಕ ಸ್ಥಳೀಯ ಮಡಕೆಗಳಿಗೆ ಕಾಲ ಗೊತ್ತಾಯಿತು. ಅದೇ ಬಗೆಯ ಮಡಕೆ ಚಂದ್ರವಳ್ಳಿಯಲ್ಲಿ ಸಿಕ್ಕಿತು. ಅಲ್ಲಿಂದ ಬ್ರಹ್ಮಗಿರಿಗೆ ಲೆಕ್ಕ ಹಾಕಿದರು. ಅವರು ಹೇಳಿದ್ದಕ್ಕಿಂತ ಅಲ್ಲಿನ ನವಶಿಲಾಯುಗ ಬಹಳ ಹಳೆಯದು ಎಂದು ಮುಂದೆ ರೇಡಿಯೋಕಾರ್ಬನ್ (ಇದ್ದಿಲಿನಂಥ ವಸ್ತುವಿನಲ್ಲಿ ಉಳಿದ ಇಂಗಾಲದಿಂದ ವಯಸ್ಸು ಅಳೆಯುವ ವಿಧಾನ) ತೋರಿಸಿತು, ಆದರೆ ಪದರಗಳ ಕ್ರಮ ಬದಲಾಗಲಿಲ್ಲ. ಚಂದ್ರವಳ್ಳಿಯಲ್ಲಿ ಚಕ್ರವರ್ತಿ ಟೈಬೀರಿಯಸ್‌ನ ಬೆಳ್ಳಿ ನಾಣ್ಯವೂ ಸಿಕ್ಕಿದೆ. ಅವನು ಆಳಿದ್ದು ಕ್ರಿ.ಶ. 14ರಿಂದ 37. ಆ ನಾಣ್ಯ ಅಚ್ಚಾದಾಗ ಸಿಲ್ಚೆಸ್ಟರ್ ಇನ್ನೂ ರೋಮನ್ನರ ಕೈಗೆ ಬಂದಿರಲಿಲ್ಲ. ನಾನು ಕೆರೆಯುತ್ತಿದ್ದ ಗುಂಡಿಯೂ ಹೆಚ್ಚು ಕಡಿಮೆ ಅದೇ ಕಾಲದ್ದು.

ಹೋಗಬೇಕು ಅನ್ನುವವರಿಗೆ ಕೆಲವು ಮಾತು. ಮುಂದೆ ನಾನು ಬೇರೊಂದು ದೇಶದ ಶಿಬಿರಕ್ಕೂ ಹೋಗಿದ್ದೆ, ಹೆಸರು ಬೇಡ. ಜಾಹೀರಾತಿನಲ್ಲಿ ಸಮುದ್ರ, ಸೂರ್ಯಾಸ್ತ, ಕೈಯಲ್ಲಿ ಹೂಜಿ ಹಿಡಿದ ಹುಡುಗಿ. ಅಲ್ಲಿ ಹೋದರೆ ದಿನವೆಲ್ಲ ಮಣ್ಣಿನ ಗಾಡಿ ತಳ್ಳುವ ಕೆಲಸ. ಹಾಳೆ ತುಂಬುವುದು, ಚಿತ್ರ ಬರೆಯುವುದು ಅವರ ಸಿಬ್ಬಂದಿ ಮಾತ್ರ. ಆದ್ದರಿಂದ ಹಣ ಕಟ್ಟುವ ಮೊದಲು ಬರೆದು ಕೇಳಿ: ದಾಖಲೆ ಮಾಡಲು ನಮಗೆ ಬಿಡುತ್ತೀರಾ? ಒಬ್ಬ ಮೇಲ್ವಿಚಾರಕರಿಗೆ ಎಷ್ಟು ಜನ? ಹಿಂದಿನ ವರ್ಷಗಳ ವರದಿ ಪ್ರಕಟವಾಗಿದೆಯೇ? ಮೂರನೆಯದಕ್ಕೆ ತಡವರಿಸಿದರೆ ಬೇರೆ ಕಡೆ ನೋಡಿ. ಒಂದು ವಾರಕ್ಕಂತೂ ಹೋಗಬೇಡಿ. ಮೈಕೈ ನೋವು ಇಳಿದು ಕಣ್ಣು ಪಳಗುವ ಹೊತ್ತಿಗೆ ವಾರ ಮುಗಿದಿರುತ್ತದೆ.

ಭಾರತದಲ್ಲಿ ದುಡ್ಡು ಕಟ್ಟಿ ಸೇರುವ ಇಂಥ ವ್ಯವಸ್ಥೆ ಕಡಿಮೆ. 1958ರ ಕಾನೂನಿನಂತೆ ಸಂರಕ್ಷಿತ ತಾಣಗಳಲ್ಲಿ ಲೈಸೆನ್ಸ್ ಇಲ್ಲದೆ ಯಾರೂ ಅಗೆಯುವಂತಿಲ್ಲ, ಅದು ಒಳ್ಳೆಯದೇ. ವೃತ್ತಿಯಾಗಿಯೇ ಹಿಡಿಯುವವರಿಗೆ ಗ್ರೇಟರ್ ನೋಯ್ಡಾದಲ್ಲಿ ಭಾರತೀಯ ಪುರಾತತ್ವ ಇಲಾಖೆಯದೇ ಸಂಸ್ಥೆ ಇದೆ, ಪುಣೆಯಲ್ಲಿ ಡೆಕ್ಕನ್ ಕಾಲೇಜು ಇದೆ. ನಮ್ಮಲ್ಲೇ ಮೈಸೂರು, ಧಾರವಾಡ, ಹಂಪಿ ಕನ್ನಡ ವಿಶ್ವವಿದ್ಯಾಲಯಗಳಲ್ಲಿ ವಿಭಾಗಗಳಿವೆ. ಬೇಸಿಗೆ ರಜೆಯ ಲೆಕ್ಕ ನಮ್ಮ ಕಡೆ ನಡೆಯುವುದಿಲ್ಲ. ಮೇ ತಿಂಗಳ ಬಳ್ಳಾರಿಯಲ್ಲಿ ಬಂಡೆ ಮುಟ್ಟಲೂ ಆಗದು. ಅಗೆತ ಸಾಮಾನ್ಯವಾಗಿ ಚಳಿಗಾಲಕ್ಕೆ, ಮಳೆ ನಿಂತ ಮೇಲೆ. ಹಾಗಾಗಿ ದಸರೆಗೆ ಮುಂಚೆಯೇ ವಿಭಾಗದ ಪ್ರಾಧ್ಯಾಪಕರಿಗೆ ಪತ್ರ ಬರೆಯಿರಿ. ಅಳತೆ ಪ್ರಕಾರ ಚಿತ್ರ ಬರೆಯಲು, ದಾಖಲೆ ತುಂಬಲು ಬರುತ್ತದೆ ಎಂದು ಅದರಲ್ಲಿ ಸೇರಿಸಿ. ನಮ್ಮಲ್ಲಿ ಅಗೆಯುವ ಕೆಲಸಕ್ಕೆ ಹತ್ತಿರದ ಹಳ್ಳಿಯ ಆಳುಗಳೇ ಬರುತ್ತಾರೆ, ಆ ಕೈಚಳಕ ನಮಗೆ ಬರುವಂಥದ್ದೂ ಅಲ್ಲ. ಬಿಸಿಲಲ್ಲಿ ಕೂತು ಸೆಕ್ಷನ್ ಬರೆಯುವವರು ಸಿಕ್ಕರೆ ಬೇಡ ಎನ್ನುವ ಪ್ರಾಧ್ಯಾಪಕರನ್ನು ನಾನಿನ್ನೂ ನೋಡಿಲ್ಲ.