ಹಿತ್ತಲಲ್ಲಿ ಗಡಿಗೆ ಹೂಳುವುದು ಹೀಗೆ

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ಕಡೆ ಬಿಸಿಲಿಗೆ ಹೆದರಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಹೀರೆ ಬಳ್ಳಿಗೆ ಆ ಸೌಲಭ್ಯವಿಲ್ಲ. ಪೈಪು ಹಿಡಿದು ಎಷ್ಟೇ ನೀರು ಹೊಡೆಯಿರಿ, ಎರೆ ಮಣ್ಣು ಎರಡು ದಿನಕ್ಕೆ ಬಾಯಿ ಬಿಡುತ್ತದೆ. ಅದಕ್ಕೇ ಬಳ್ಳಿಯ ಬುಡದಲ್ಲಿ ಗಡಿಗೆ ಹೂಳಬೇಕು. ಒಳಗಿನ ನೀರು ತಾನಾಗಿ ಜಿನುಗುತ್ತದೆ: ಸುತ್ತಲಿನ ಮಣ್ಣು ಒಣಗಿದ್ದರೆ ಜಾಸ್ತಿ, ಹಸಿಯಿದ್ದರೆ ಕಡಿಮೆ.

ನಮ್ಮ ಓಣಿಯಲ್ಲಿ ಐದಾರು ಮನೆಯವರು ಹೂಳಿದರು. ಕೆಲಸ ಮಾಡಿದ್ದು ಎರಡೇ ಮನೆಯಲ್ಲಿ. ಉಳಿದವರು ಎಡವಿದ್ದು ಗಡಿಗೆ ಆರಿಸುವಾಗಲೇ.

ಎಲ್ಲರೂ ಮಾಡುವ ತಪ್ಪು ಒಂದೇ. ನಾಲ್ಕು ವರ್ಷ ಕುಡಿಯುವ ನೀರಿಗಿಟ್ಟ ಗಡಿಗೆಯನ್ನು ‘ಈಗ ನೀರು ತಣ್ಣಗಾಗಲ್ಲ, ಹಿತ್ತಲಿಗಾದರೂ ಇರಲಿ’ ಅಂತ ತಂದು ಹೂಳುತ್ತಾರೆ. ತಣ್ಣಗಾಗೋದು ನಿಂತಿದ್ದು ಯಾಕೆ ಹೇಳಿ? ಬೋರಿನ ಗಡಸು ನೀರಿನ ಉಪ್ಪು ಕೂತು ಅದರ ಸಣ್ಣ ಸಣ್ಣ ರಂಧ್ರ ಮುಚ್ಚಿವೆ. ಹೊರಗೆ ಬೆವರದ ಗಡಿಗೆ ನೆಲದೊಳಗೂ ಬೆವರುವುದಿಲ್ಲ. ಸಂತೆಯಲ್ಲಿ ಕೆಂಪು ಆಯಿಲ್ ಪೇಂಟ್ ಬಳಿದು ಹೂವಿನ ಚಿತ್ರ ಬರೆದ ಗಡಿಗೆ ಸಿಗುತ್ತದಲ್ಲ, ಅದಂತೂ ಬೇಡವೇ ಬೇಡ. ಎಂಟು ಹತ್ತು ಲೀಟರ್ ಹಿಡಿಯುವ, ಏನೂ ಬಳಿಯದ ಗಡಿಗೆಯನ್ನು ಕುಂಬಾರರ ಮನೆಯಿಂದಲೇ ತನ್ನಿ.

ತಂದ ದಿನವೇ ಹೂಳಬೇಡಿ. ನೀರು ತುಂಬಿ ಒಂದು ರಾತ್ರಿ ಕಟ್ಟೆಯ ಮೇಲಿಡಿ. ಬೆಳಿಗ್ಗೆ ಹೊಟ್ಟೆ ಸವರಿದರೆ ಅಂಗೈ ಒದ್ದೆಯಾಗಬೇಕು. ಒಂದೇ ಕಡೆಯಿಂದ ನೀರು ಇಳಿದು ಹರಿದಿದ್ದರೆ ಸೀಳಿದೆ ಅಂತ ಅರ್ಥ, ವಾಪಸ್ ಕೊಡಿ. ‘ಬೇಗ ನೀರು ಹೋಗಲಿ’ ಎಂದು ತಳಕ್ಕೆ ಮೊಳೆಯಿಂದ ತೂತು ಹೊಡೆಯುವವರೂ ಇದ್ದಾರೆ. ತಾಸಿನಲ್ಲೇ ಖಾಲಿಯಾಗುತ್ತದೆ, ಅಷ್ಟೇ.

ಗುಂಡಿ ಗಡಿಗೆಗಿಂತ ನಾಲ್ಕು ಬೆರಳು ಅಗಲವಿರಲಿ. ಆ ಸಂದಿಗೆ ಬರೀ ಎರೆ ಮಣ್ಣು ತುಂಬಬಾರದು. ನಾನು ತುಂಬಿ ಕೆಟ್ಟೆ. ನಾವು ಗಾಣಗಾಪುರಕ್ಕೆ ಹೋದಾಗ ಪಕ್ಕದ ಮನೆ ಕಾಕಾ ಪ್ರೀತಿಯಿಂದ ಪೈಪು ಹಿಡಿದು ಇಡೀ ಮಡಿಗೆ ನೀರು ಬಿಟ್ಟಿದ್ದರು. ಮಣ್ಣು ಉಬ್ಬಿ ಗಡಿಗೆ ಕುತ್ತಿಗೆಯಿಂದ ಕೆಳತನಕ ಸೀಳಿತ್ತು. ಕಾಕಾಗೆ ಏನು ಅನ್ನೋಕಾಗುತ್ತೆ? ಹಳೇ ಗೊಬ್ಬರ ಮತ್ತು ಮುರುಮ್ (ಗರಸು ಮಣ್ಣು) ಸಮ ಬೆರೆಸಿ, ಕೈಯಿಂದ ಒತ್ತಿ ಒತ್ತಿ ತುಂಬಿ. ಗೊಬ್ಬರವೂ ಗಡಿಗೆಯೂ ಅಂಟಿಕೊಂಡಿರಬೇಕು, ನಡುವೆ ಗಾಳಿ ಉಳಿದರೆ ನೀರು ಮಣ್ಣಿಗೆ ದಾಟುವುದಿಲ್ಲ. ಕುತ್ತಿಗೆ ಎರಡು ಬೆರಳು ಮೇಲಿರಲಿ. ಬಾಯಿಗೆ ಶಹಾಬಾದ್ ಕಲ್ಲಿನ ತುಂಡು ಮುಚ್ಚಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಬೀಜ ರಾತ್ರಿ ನೆನೆಸಿ, ಗಡಿಗೆಯಿಂದ ನಾಲ್ಕು ಬೆರಳು ದೂರದಲ್ಲಿ ಸುತ್ತ ನಾಲ್ಕೈದು ಊರಿ. ಮೊಳಕೆ ಬಂದು ಬೇರು ಇಳಿಯುವವರೆಗೆ ಚೆಂಬಿನಲ್ಲಿ ಮೇಲಿಂದಲೂ ನೀರು ಹಾಕಬೇಕು. ಹೀರೆ, ಸೌತೆ, ಚವಳಿ (ಗೋರಿಕಾಯಿ) ಯಾವುದಾದರೂ ಆಗುತ್ತದೆ. ನನ್ನನ್ನು ಕೇಳಿದರೆ ಹೀರೆಯೇ. ಬುಡಕ್ಕೆ ತೊಗರಿ ಹೊಟ್ಟು ದಪ್ಪಗೆ ಹರಡಿ. ದನ ಕಟ್ಟಿದವರು ಹೊಟ್ಟು ಸುಮ್ನೆ ಕೊಡಲ್ಲ, ಬೇಸಿಗೆಯಲ್ಲಿ ಅದು ಮೇವು. ನಮ್ಮ ಹಿಂದಿನ ಮನೆ ವೈನಿ ಒಂದು ಬುಟ್ಟಿ ಹೊಟ್ಟಿಗೆ ಮೂರು ಸಲ ಪುಂಡಿ ಸೊಪ್ಪು ಕೇಳಿದರು, ಕೊಟ್ಟೆ.

ಎರಡು ಮೂರು ದಿನಕ್ಕೊಮ್ಮೆ ಗಡಿಗೆ ತುಂಬಿಸಿ, ಪೂರ್ತಿ ಖಾಲಿಯಾಗಲು ಬಿಡಬೇಡಿ. ಊರಿಗೆ ಹೋಗುವಾಗ ಪಕ್ಕದವರಿಗೆ ‘ಗಡಿಗೆ ಬಾಯಿಗೆ ಮಾತ್ರ ಹಾಕ್ರಿ’ ಅಂತ ತೋರಿಸಿಯೇ ಹೋಗಿ.

ಬಿಸಿಲು ಜಾಸ್ತಿಯಾದಂತೆ ಹೀರೆಗೆ ಗಂಡು ಹೂವೇ ಹೆಚ್ಚು. ಹೂ ಅರಳುವುದು ಸಂಜೆ, ನೀವು ಅಂಗಳಕ್ಕೆ ನೀರು ಚಿಮುಕಿಸುವ ಹೊತ್ತಿಗೆ. ಆಗ ಒಂದು ಗಂಡು ಹೂ ಕಿತ್ತು, ಬುಡದಲ್ಲಿ ಪುಟ್ಟ ಕಾಯಿರುವ ಹೆಣ್ಣು ಹೂವಿನ ನಡುವೆ ಮೆಲ್ಲಗೆ ತಾಗಿಸಿ.

ಮಳೆ ಹಿಡಿಯುವ ಮುಂಚೆ ಗಡಿಗೆ ಕಿತ್ತು, ತೆಂಗಿನ ನಾರಿನಲ್ಲಿ ಉಜ್ಜಿ ಒಣಗಿಸಿಡಿ. ಒಂದು ಕಾಯಿ ಬೀಜಕ್ಕೆ ಬಳ್ಳಿಯಲ್ಲೇ ಬಿಡಿ. ನಮ್ಮ ಬಳ್ಳಿಯಲ್ಲಿ ಬಿಟ್ಟದ್ದನ್ನು ವೈನಿ ಈಗಾಗಲೇ ಕೇಳಿಟ್ಟಿದ್ದಾರೆ.