ಕರಗಿದ ಉಪ್ಪುಗಳ ಬೆರಕೆ: ಲೆಕ್ಕ ಹಾಕುವುದು ಹೇಗೆ?

ಸೋಡಿಯಂ ನೈಟ್ರೇಟ್ ಕರಗಲು 307 ಡಿಗ್ರಿ ಸೆಲ್ಸಿಯಸ್ ಬೇಕು. ಪೊಟ್ಯಾಸಿಯಂ ನೈಟ್ರೇಟ್‌ಗೆ 334. ಎರಡನ್ನೂ ಸೇರಿಸಿ ಕರಗಿಸಿ ನೋಡಿ, ಸುಮಾರು 240ಕ್ಕೆ ಇಳಿಯುವವರೆಗೂ ಗಟ್ಟಿಯಾಗಲು ಶುರುವಾಗುವುದೇ ಇಲ್ಲ. ಸೌರ ಉಷ್ಣ ಸ್ಥಾವರಗಳಲ್ಲಿ ಶಾಖ ಕೂಡಿಡುವುದು ಇದೇ ಬೆರಕೆಯಲ್ಲಿ, ತೂಕದಲ್ಲಿ 60ಕ್ಕೆ 40. ಈ ಇಳಿಕೆಯನ್ನು ಕ್ಯಾಲ್ಕುಲೇಟರ್ ಹಿಡಿದೇ ಅಂದಾಜು ಮಾಡಬಹುದು.

ಮೊದಲು ತೂಕವನ್ನು ಮೋಲ್‌ಗೆ ಬದಲಿಸಿ. ಒಂದು ಮೋಲ್‌ನ ತೂಕ ಸೋಡಿಯಂ ನೈಟ್ರೇಟ್‌ಗೆ 85 ಗ್ರಾಂ, ಪೊಟ್ಯಾಸಿಯಂ ನೈಟ್ರೇಟ್‌ಗೆ 101. 60ನ್ನು 85ರಿಂದ, 40ನ್ನು 101ರಿಂದ ಭಾಗಿಸಿ. ಬಂದ ಎರಡರ ಮೊತ್ತದಲ್ಲಿ ಸೋಡಿಯಂ ಪಾಲು 0.64, ಪೊಟ್ಯಾಸಿಯಂ ಪಾಲು 0.36. ತೂಕದ ಅಂಕಿಯನ್ನೇ ಸುಮ್ನೆ ಮುಂದಕ್ಕೆ ಒಯ್ದರೆ ಉತ್ತರ ಕೆಡುತ್ತದೆ.

ಆಮೇಲೆ, ನಿಜವಾಗಿ ಬೆರೆಯುತ್ತಿರುವುದು ಏನು ಅಂತ ನೋಡಿ. ಜನ ಎಡವುವುದು ಇಲ್ಲೇ ಜಾಸ್ತಿ. ಕರಗಿದ ಉಪ್ಪಿನಲ್ಲಿ ಇರುವುದು ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು. ಧನ ಅಯಾನಿನ ಪಕ್ಕ ಋಣ ಅಯಾನೇ ಕೂರುತ್ತದೆ. ಹಾಗಾಗಿ ಧನ ಅಯಾನುಗಳು ತಮ್ಮತಮ್ಮಲ್ಲೇ ಜಾಗ ಬದಲಿಸುತ್ತವೆ, ಋಣ ಅಯಾನುಗಳೂ ಅಷ್ಟೇ. 1945ರಲ್ಲಿ ಸೋವಿಯತ್ ರಸಾಯನ ವಿಜ್ಞಾನಿ ಟೆಮ್ಕಿನ್ ಕೊಟ್ಟ ಮಾದರಿ ಇದು. ನಮ್ಮ ಬೆರಕೆಯಲ್ಲಿ ನೈಟ್ರೇಟ್ ಎರಡರಲ್ಲೂ ಒಂದೇ ಅಲ್ವಾ? ಅದನ್ನು ಬಿಟ್ಟುಬಿಡಿ. ಸೋಡಿಯಂ ಕ್ಲೋರೈಡ್‌ಗೆ ಪೊಟ್ಯಾಸಿಯಂ ನೈಟ್ರೇಟ್ ಸೇರಿಸಿದ್ದರೆ ಋಣ ಅಯಾನುಗಳ ಲೆಕ್ಕವನ್ನೂ ಹಾಕಬೇಕಿತ್ತು.

ಈಗ ಎಂಟ್ರೊಪಿ, ಅಂದರೆ ಬೆರೆತದ್ದರಿಂದ ಹೆಚ್ಚುವ ಅಸ್ತವ್ಯಸ್ತತೆಯ ಅಳತೆ. ಪ್ರತಿ ಪಾಲನ್ನೂ ಅದರದೇ ಸ್ವಾಭಾವಿಕ ಲಾಗರಿದಮ್‌ನಿಂದ ಗುಣಿಸಿ. ಎರಡನ್ನೂ ಕೂಡಿಸಿ, ಮೈನಸ್ 8.314ರಿಂದ (ಅನಿಲ ಸ್ಥಿರಾಂಕ) ಗುಣಿಸಿ. ಮೋಲ್‌ಗೆ, ಕೆಲ್ವಿನ್‌ಗೆ 5.4 ಜೌಲ್ ಬರುತ್ತದೆ. 600 ಕೆಲ್ವಿನ್‌ನಲ್ಲಿ ಇದು ದ್ರವದ ಮುಕ್ತ ಶಕ್ತಿಯನ್ನು ಮೋಲ್‌ಗೆ 3.3 ಕಿಲೋಜೌಲ್‌ನಷ್ಟು ತಗ್ಗಿಸುತ್ತದೆ. ಈ ಶಕ್ತಿ ತಗ್ಗಿದಷ್ಟೂ ದ್ರವ ಹೆಚ್ಚು ಸ್ಥಿರ, ಗಟ್ಟಿಯಾಗಲು ಇನ್ನೂ ತಣ್ಣಗಾಗಬೇಕು. ಬೆರೆಯುವಾಗ ಹೊರಬೀಳುವ ಶಾಖ ಅರ್ಧ ಕಿಲೋಜೌಲ್ ಆಸುಪಾಸು. ಅಂದಾಜಿಗೆ ಅದನ್ನು ಬಿಟ್ಟರೂ ನಡೆಯುತ್ತದೆ. ಆದರೆ ಲಿಥಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಜೋಡಿಯಲ್ಲಿ ಹೀಗೆ ಬಿಡಬೇಡಿ. ಆ ಎರಡು ಧನ ಅಯಾನುಗಳ ಗಾತ್ರದಲ್ಲಿ ತುಂಬಾ ವ್ಯತ್ಯಾಸವಿದೆ. ಸಮಪಾಲು ಬೆರೆಸಿದರೆ ಮೋಲ್‌ಗೆ 4 ಕಿಲೋಜೌಲ್‌ಗೂ ಜಾಸ್ತಿ ಶಾಖ ಹೊರಬರುತ್ತದೆ.

ಕೊನೆಗೆ ಉಷ್ಣತೆ. ತಣ್ಣಗಾಗುವಾಗ ಮೊದಲು ಹರಳುಗಟ್ಟುವುದು ಹೆಚ್ಚಿರುವ ಸೋಡಿಯಂ ನೈಟ್ರೇಟ್. ಅದು ಕರಗುವುದು 580 ಕೆಲ್ವಿನ್‌ನಲ್ಲಿ, ಅದಕ್ಕೆ ಬೇಕಾದ ಶಾಖ ಮೋಲ್‌ಗೆ ಸುಮಾರು 15,000 ಜೌಲ್. 8.314ನ್ನು 15,000ದಿಂದ ಭಾಗಿಸಿ, 0.64ರ ಲಾಗರಿದಮ್‌ನಿಂದ ಗುಣಿಸಿ. ಬಂದದ್ದನ್ನು 580ರಲ್ಲಿ ಒಂದು ಪಾಲಿನಿಂದ (1/580) ಕಳೆಯಿರಿ. ಲಾಗರಿದಮ್ ಋಣ ಸಂಖ್ಯೆ, ಹಾಗಾಗಿ ಕಳೆದರೂ ಮೊತ್ತ ಹೆಚ್ಚುತ್ತದೆ, ಗಾಬರಿ ಬೇಡ. ಉತ್ತರ 0.00197. ಅದನ್ನು ತಲೆಕೆಳಗು ಮಾಡಿದರೆ 507 ಕೆಲ್ವಿನ್, ಅಂದರೆ 234 ಡಿಗ್ರಿ.

ಅಳತೆಗೆ ಸಿಗುವುದು ಇದಕ್ಕಿಂತ ತುಸು ಮೇಲೆ. ಹರಳು ತಾನೂ ಸ್ವಲ್ಪ ಪೊಟ್ಯಾಸಿಯಂ ಒಳಗೆ ಸೇರಿಸಿಕೊಳ್ಳುತ್ತದೆ. ನಾವು ಮಾತ್ರ ಅದನ್ನು ಶುದ್ಧ ಎಂದುಕೊಂಡೇ ಲೆಕ್ಕ ಹಾಕಿದ್ದೇವೆ.